ಯಾವ ಜಾಗಕ್ಕೂ ಒದಗುವ ನಿವೆಸ್

ನಿವೆಸ್ ಮೊಂತೊರ್ಸಿ ಅವರೊಂದಿಗೆ ನಾನು ಆಡಿದ ಮೊದಲ ಮಾತೇ ಬುದ್ಧಿವಾದವಾಗಿತ್ತು.

ಇಟಲಿಯ ಸೆಕ್ಕಿಯಾ ನದಿಯ ಪಕ್ಕದ ಟೈಲ್ಸ್ ಕಾರ್ಖಾನೆಗೆ ನಾನು ಆಗತಾನೇ ಸೇರಿದ್ದೆ. ಕ್ಯಾಂಟೀನಿಗೆ ಹೋಗುವ ಓಣಿಯಲ್ಲಿ ನಮ್ಮ ಬೀರುಗಳ ಸಾಲು. ಅದರಲ್ಲೊಂದರ ಬಾಗಿಲು ತೆರೆದಿತ್ತು. ಒಳಗೆ ಇಟಲಿ ತಂಡದ ನೀಲಿ ಜೆರ್ಸಿ ತೂಗುತ್ತಿತ್ತು. ಬೆನ್ನಿಗೆ ಹದಿಮೂರರ ಅಂಕೆ ಇದೆ, ಹೆಸರಿಲ್ಲ. ಎದೆಯ ಲಾಂಛನದ ಹೊಲಿಗೆ ಸೊಟ್ಟ. ಫುಟ್‌ಬಾಲಿನಲ್ಲಿ ನಾನು ಪಂಡಿತ. ಕಾಲಿನಿಂದ ಆಡಿದ್ದು ಕಡಿಮೆ, ಬಾರಿನ ಮೇಜಿಗೆ ಮೊಣಕೈಯೂರಿ ಆಡಿದ್ದೇ ಹೆಚ್ಚು. ಬೀರುವಿಗೆ ಒರಗಿ ಬೂಟಿನ ದಾರ ಕಟ್ಟುತ್ತಿದ್ದ ನಲವತ್ತು ದಾಟಿದ ಹೆಂಗಸಿಗೆ ಹೇಳಿದೆ:

“ಸಿನ್ಯೋರಾ, ಇದು ಡೂಪ್ಲಿಕೇಟು. ನಿಮಗೆ ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ. ಗುರುವಾರದ ಸಂತೇಲಿ ನನಗೆ ಗೊತ್ತಿರೋನು ಒಬ್ಬ ಇದಾನೆ, ಒರಿಜಿನಲ್ ಕೊಡಿಸ್ತೀನಿ.”

ಆಕೆ ತಲೆಯೆತ್ತಲಿಲ್ಲ. “ಟೋಪಿ ಹಾಕಿದ್ದೇನೋ ನಿಜ,” ಎಂದರು.

ಹಿಂದೆ ನಿಂತಿದ್ದ ಪಾಳಿಯ ಮೇಸ್ತ್ರಿ ಎರ್ಮೆಸ್ ನಕ್ಕ ರಭಸಕ್ಕೆ ಕಾಫಿ ಅವನ ಅಂಗಿಯ ಮೇಲೆಲ್ಲ ಚೆಲ್ಲಿತು. “ಮಡೋನ್ನಾ! ಲೇ ಮಿರ್ಕೊ, ಅದನ್ನ ಹಾಕ್ಕೊಂಡು ಆಡಿದ್ದೇ ಅವಳು ಕಣೋ. ಹೆಂಗಸರ ರಾಷ್ಟ್ರೀಯ ತಂಡ. ನಿಮ್ಮಪ್ಪನ್ನ ಕೇಳು ಹೋಗು.”

ಅಪ್ಪನನ್ನು ಕೇಳಿದೆ. “ನಿವೆಸಾ? ಎಲ್ಲಿ ನಿಲ್ಲಿಸಿದ್ರೂ ಆಡೋಳು,” ಎಂದ. ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಮೈದಾನದ ಯಾವ ಜಾಗದಲ್ಲಿ ಆಡುತ್ತಿದ್ದರು ಎಂದು ಯಾರಿಗೂ ನೆನಪಿರಲಿಲ್ಲ.

ನಿವೆಸ್ ಆಟ ಕಲಿತದ್ದು ಚರ್ಚಿನ ಅಂಗಳದಲ್ಲಿ, ಹುಡುಗರ ಜೊತೆ. ಹುಡುಗಿಯೆಂದು ಮೊದಲು ಗೋಲಿಗೆ ನಿಲ್ಲಿಸಿದರು. ಒಬ್ಬನಿಗೆ ಗಂಟಲು ಬಾವು ಬಂದಾಗ ಬಲಬದಿಗೆ, ಇನ್ನೊಬ್ಬನನ್ನು ಅವನಪ್ಪ ದ್ರಾಕ್ಷಿ ಕೀಳಲು ಕಿವಿ ಹಿಡಿದು ಎಳೆದೊಯ್ದಾಗ ಎಡಬದಿಗೆ. ಎರಡೂ ಕಾಲಿನಲ್ಲಿ ಒದೆಯುವುದು ಹಾಗೆ ಬಂತು. ಆಮೇಲೆ ಸಲಾಮಿ ಸಾಸೇಜಿನ ವ್ಯಾಪಾರಿಯೊಬ್ಬ ಕಟ್ಟಿದ ಹೆಂಗಸರ ತಂಡ. ಸಂಬಳವಿಲ್ಲ, ಗೆದ್ದರೆ ತಲೆಗೊಂದು ಸಲಾಮಿ. ವಾರವಿಡೀ ಕಾರ್ಖಾನೆಯ ಭಟ್ಟಿ, ಭಾನುವಾರ ಕೆಸರು. ರಕ್ಷಣೆಯ ಸಾಲಿನಲ್ಲಿ ಯಾವ ಜಾಗ ಖಾಲಿಯಾದರೂ ಅಲ್ಲಿ ನಿವೆಸ್.

ರಾಷ್ಟ್ರೀಯ ತಂಡದ ಕರೆ ಬಂದಾಗ ಬೇಸಿಗೆಯ ರಜೆಯನ್ನೆಲ್ಲ ಅದಕ್ಕೇ ಸುರಿದರು. ಅಲ್ಲಿ ರಕ್ಷಣೆಯ ನಾಲ್ಕು ಜಾಗಕ್ಕೂ ನಾಲ್ವರು ಒಡತಿಯರಿದ್ದರು. ಯಾರಿಗಾದರೂ ಜ್ವರ ಬಂದರೆ, ಯಾರದಾದರೂ ಮದುವೆಯಿದ್ದರೆ ನಿವೆಸ್ ಇಳಿಯುತ್ತಿದ್ದರು. ಆ ಒಡತಿ ಮರಳಿದರೆ ನಿವೆಸ್ ಮತ್ತೆ ಬೆಂಚಿಗೆ. ಒಮ್ಮೆ ಎಡಬದಿಯ ಹುಡುಗಿಯ ಪಾದ ಅಭ್ಯಾಸದಲ್ಲಿ ತಿರುಚಿಕೊಂಡಿತು. ಮರುದಿನ ಡೆನ್ಮಾರ್ಕಿನ ಎದುರು ನಿವೆಸ್ ಆಡಿದ ಆಟಕ್ಕೆ ಎದುರು ತಂಡದವರೇ ಬಂದು ಕೈ ಕುಲುಕಿದರಂತೆ. ಎಡಬದಿ ಇನ್ನು ತನ್ನದೇ ಎಂದುಕೊಂಡು ತರಬೇತುದಾರರ ಬಳಿ ಹೋದರು.

“ಏನಂದ್ರು?” ಎಂದು ಒಮ್ಮೆ ನಿವೆಸ್‌ರನ್ನೇ ಕೇಳಿದ್ದೆ.

“ನಿನ್ನ ಒಂದೇ ಕಡೆ ಕಟ್ಟಿಹಾಕಿದ್ರೆ ಮಿಕ್ಕ ಮೂರು ಕಡೆ ಯಾರನ್ನ ಹುಡುಕ್ಲಿ ಅಂದ್ರು. ಹೊಗಳಿಕೆ ಅನ್ಕೊಂಡು ಥ್ಯಾಂಕ್ಸ್ ಬೇರೆ ಹೇಳಿ ಬಂದೆ.”

ಮೊಣಕಾಲು ಹೋದದ್ದು ನಡುಮೈದಾನದಲ್ಲಿ. ಅಲ್ಲಿಯೂ ಒಬ್ಬಳು ಬಂದಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಆಟ ಮುಗಿಯಿತು, ಭಟ್ಟಿ ಉಳಿಯಿತು.

ಭಟ್ಟಿಯಲ್ಲೂ ಅದೇ ಕತೆ. ಒತ್ತುವ ಯಂತ್ರದವನು ಬಾರದಿದ್ದರೆ ನಿವೆಸ್, ಬಣ್ಣ ಸುರಿಯುವವಳಿಗೆ ಬಾಣಂತನವಾದರೆ ನಿವೆಸ್, ಪೆಟ್ಟಿಗೆ ಕಟ್ಟುವಲ್ಲಿ ಕೈ ಸಾಲದಿದ್ದರೆ ನಿವೆಸ್. ಎಲ್ಲವೂ ನಿಂತು ಮಾಡುವ ಕೆಲಸ. ಇಡೀ ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ನಮ್ಮ ಪಾಳಿಗೆ ಒಂದೇ: ಬೆಂದು ಬಂದ ಟೈಲುಗಳು ದೀಪದ ಕೆಳಗೆ ಬೆಲ್ಟಿನ ಮೇಲೆ ಹರಿದುಹೋಗುವಾಗ, ಬಿರುಕು ಬಿಟ್ಟದ್ದಕ್ಕೆ ಬಳಪದಿಂದ ಗೆರೆ ಎಳೆಯುವುದು. ಆ ಸ್ಟೂಲಿನ ಮೇಲೆ ದಿರ್ಚೆ ಎಂಬ ಮುದುಕಿ ಕೂತಿದ್ದಳು. ಅವಳು ಆ ಚಳಿಗಾಲ ನಿವೃತ್ತಳಾಗುವವಳಿದ್ದಳು. ನಿವೆಸ್‌ಗೆ ಜೀವನದಲ್ಲಿ ಇನ್ನು ಬೇಕಾಗಿದ್ದದ್ದು ಆ ಸ್ಟೂಲು ಮಾತ್ರ. ಪಾಳಿ ಮುಗಿಯುವ ಹೊತ್ತಿಗೆ ಅವರ ಮೊಣಕಾಲು ಕುಂಬಳಕಾಯಿಯಂತೆ ಊದಿರುತ್ತಿತ್ತು. ಮೆಟ್ಟಿಲಿಳಿಯುವಾಗ ಫೋನು ಬಂದವರಂತೆ ನಟಿಸಿ ಹಿಂದೆ ಉಳಿಯುತ್ತಿದ್ದರು.

“ಡಾಕ್ಟರಿಗೆ ತೋರಿಸಿ, ಕೂರೋ ಕೆಲಸ ಕೊಡಿ ಅಂತ ಬರೀತಾರೆ,” ಎಂದೆ.

“ಬರೀತಾರೆ. ಮೇಲಿನೋರು ಅದನ್ನ ಓದಿ ‘ಇವಳು ಇನ್ನು ಕೆಲಸಕ್ಕೆ ಬರಲ್ಲ’ ಅಂತ ಅರ್ಥ ಮಾಡ್ಕೋತಾರೆ. ಸುಮ್ನಿರು ಮರಿ.”

ದಿರ್ಚೆಯ ಬೀಳ್ಕೊಡುಗೆಗೆ ಕ್ಯಾಂಟೀನಿನಲ್ಲಿ ಬಿಸಿಬಿಸಿ ಕರಿದ ಹಿಟ್ಟಿನ ಗ್ನೊಕ್ಕೊ, ಮೊರ್ತದೆಲ್ಲಾ ಮಾಂಸ, ಲಂಬ್ರೂಸ್ಕೊ ವೈನು. ಎರ್ಮೆಸ್ ಎರಡು ಲೋಟ ಏರಿಸಿ ಖುಷಿಯಾಗಿದ್ದ. ನಿವೆಸ್ ಎಲ್ಲರೆದುರೇ ಕೇಳಿಬಿಟ್ಟರು.

“ಎರ್ಮೆಸ್, ದಿರ್ಚೆ ಜಾಗ ನನಗೆ ಕೊಡು.”

“ನಿನಗಾ! ಕುದುರೇನ ಕುರ್ಚಿ ಮೇಲೆ ಕೂರಿಸ್ತಾರಾ?” ಎಂದು ಅವನು ನಕ್ಕ. ಎಲ್ಲರೂ ನಕ್ಕರು. ಬಾಯಿ ತುಂಬ ಗ್ನೊಕ್ಕೊ ತುಂಬಿಕೊಂಡು ನಾನೂ ನಕ್ಕೆ.

“ತಮಾಷೆಗೆ ಕೇಳ್ಲಿಲ್ಲ.”

“ನೋಡೋಣ ಬಿಡು ನಿವೆಸ್. ಇನ್ನೂ ತೀರ್ಮಾನ ಆಗಿಲ್ಲ.”

ಮರುದಿನದಿಂದ ನಿವೆಸ್ ಒಂದು ವಿಚಿತ್ರ ಪ್ರಯತ್ನಕ್ಕಿಳಿದರು. ಕೆಲಸ ಕೆಡಿಸುವುದು, ಕೈಲಾಗದವಳೆಂದಾದರೆ ಎಲ್ಲ ಕಡೆ ಓಡಿಸುವುದನ್ನು ಬಿಟ್ಟಾರೆಂದು. ಅದನ್ನು ನನಗೊಬ್ಬನಿಗೆ ಹೇಳಿದ್ದರು, ಏಕೆಂದರೆ ಆ ವಿದ್ಯೆಯಲ್ಲಿ ಕಾರ್ಖಾನೆಯಲ್ಲೇ ನಾನು ಮೊದಲಿಗ. ಫೋರ್ಕ್‌ಲಿಫ್ಟನ್ನು ಗೋಡೆಗೆ ನುಗ್ಗಿಸಿದ್ದೆ; ಬೂದು ಬಣ್ಣ ಹೋಗಬೇಕಾದ ಕಡೆ ಕಂದು ಸುರಿದಿದ್ದೆ.

“ಹೆಂಗೋ ಮಾಡ್ತೀಯ ಅದನ್ನ?”

“ನಾನೇನೂ ಮಾಡಲ್ಲ ನಿವೆಸ್, ತಾನೇ ಆಗುತ್ತೆ.”

ಅವರಿಗೆ ತಾನೇ ಆಗಲಿಲ್ಲ. ಪೆಟ್ಟಿಗೆ ಕಟ್ಟುವಲ್ಲಿ ಮೂಲೆ ಒಡೆದ ಟೈಲೊಂದನ್ನು ಬೇಕೆಂದೇ ಒಳಗೆ ಸೇರಿಸಿ ಬಿಟ್ಟರು. ಪೆಟ್ಟಿಗೆ ಉರುಳೆಗಳ ಮೇಲೆ ಮುಂದೆ ಸಾಗಿತು. ಅವರು ಅತ್ತ ನೋಡದೆ ನಿಂತರು, ಏಪ್ರನ್ನಿಗೆ ಕೈ ಒರೆಸಿದರು, ಮತ್ತೊಮ್ಮೆ ಒರೆಸಿದರು. ಆಮೇಲೆ ಆ ಕಾಲನ್ನು ಎಳೆದುಕೊಂಡೇ ಓಡಿ, ಪೆಟ್ಟಿಗೆ ಹರಿದು ಟೈಲನ್ನು ತೆಗೆದರು. ಎರ್ಮೆಸ್ ದೂರದಿಂದ ನೋಡಿ ಹೆಬ್ಬೆರಳೆತ್ತಿದ. ನಿವೆಸ್ ಒಡೆದ ಟೈಲನ್ನು ಕಸದ ಡಬ್ಬಿಗೆ ಎಸೆದ ರಭಸಕ್ಕೆ ಡಬ್ಬಿ ಮಗುಚಿತು. ಅದನ್ನೂ ಅವರೇ ಎತ್ತಿ ನಿಲ್ಲಿಸಿದರು.

ಸೋಮವಾರ ಎರ್ಮೆಸ್ ನನ್ನ ತೋಳು ಹಿಡಿದು ದೀಪದ ಕೆಳಗಿನ ದಿರ್ಚೆಯ ಸ್ಟೂಲಿಗೆ ಕರೆದೊಯ್ದ. “ಕೂತ್ಕೊ. ಕಣ್ಣು ನೆಟ್ಟಗಿದೆಯಲ್ಲ? ಇಲ್ಲಿ ಕೂತ್ರೆ ನೀನು ಯಾರ ಜೀವಾನೂ ತೆಗೆಯಲ್ಲ.”

ನಾನು ಕೂತೆ. ಮೊದಲು ಕೂತು, ಆಮೇಲೆ ನ್ಯಾಯದ ಮಾತು ತೆಗೆದೆ. “ನಿವೆಸ್ ಕೇಳಿದ್ರಲ್ಲ?”

“ನಿವೆಸ್ ನಿನ್ನ ಹಾಗೆ ದಂಡಪಿಂಡ ಆಗಿದ್ರೆ ಖಂಡಿತ ಕೂರಿಸ್ತಿದ್ದೆ. ಅವಳನ್ನ ಇಲ್ಲಿ ಕೂರಿಸಿ, ನಾಳೆ ನಾಲ್ಕು ಜನ ಚಕ್ಕರ್ ಹೊಡೆದ್ರೆ ನಿನ್ನ ಕರ್ಕೊಂಡು ನಾನೇನು ಮಾಡ್ಲಿ?”

ಎದ್ದುಬಿಡಬಹುದಿತ್ತು. ಎದ್ದರೆ ಕೆಲಸ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುವುದಾದರೆ, ಸ್ಟೂಲು ಬಹಳ ಸುಖವಾಗಿತ್ತು. ಬಳಪ ಹಿಡಿದು ಗೆರೆ ಎಳೆಯತೊಡಗಿದೆ. ಆಶ್ಚರ್ಯವೆಂದರೆ, ಆ ಕೆಲಸ ನನಗೆ ಬಂತು. ವಾರ ಕಳೆಯುವುದರೊಳಗೆ ಎಲ್ಲರೂ ಅದನ್ನು ಮಿರ್ಕೊನ ಜಾಗ ಎನ್ನತೊಡಗಿದ್ದರು.

ನಿವೆಸ್ ದಿನಚರಿ ಬದಲಾಗಲಿಲ್ಲ. ಬೆಳಿಗ್ಗೆ ಬಂದು, ಇವತ್ತು ಯಾರು ಬಂದಿಲ್ಲ ಎಂದು ಕೇಳಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಬರುಬರುತ್ತಾ ಕುಂಟುವುದನ್ನು ಮುಚ್ಚಿಡುವುದನ್ನೂ ಬಿಟ್ಟರು. ಕುಂಟುತ್ತಲೇ ಎಲ್ಲ ಕಡೆಗೂ ಒದಗಿದರು. ಎರ್ಮೆಸ್ ಅದನ್ನು ಕಂಡೂ ಅವರನ್ನೇ ಕರೆಯುತ್ತಿದ್ದ. ಎಲ್ಲಿ ಯಾರಿಲ್ಲ ಎಂಬುದಷ್ಟೇ ಅವನ ಚಿಂತೆ.

ಒಂದು ಮಧ್ಯಾಹ್ನ ಬೆಲ್ಟು ಕೆಟ್ಟು ನಿಂತಿತು. ನಿವೆಸ್ ನನ್ನ ಪಕ್ಕದ ಟೈಲುಗಳ ಅಟ್ಟಿಗೆ ಒರಗಿ, ಪ್ಯಾಂಟಿನ ಮೇಲಿಂದಲೇ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದಿದ್ದರು. ನಾನು ಸ್ಟೂಲಿನಿಂದ ಅರ್ಧ ಎದ್ದು, “ಬೆಲ್ಟು ಸರಿಯಾಗೋವರೆಗೆ ಕೂತ್ಕೊಳ್ಳಿ,” ಎಂದೆ.

“ಬೇಡ. ಕೂತರೆ ಮತ್ತೆ ಏಳೋಕಾಗಲ್ಲ.”

ಪೂರ್ತಿ ಎದ್ದಿರದ ನಾನು ಮತ್ತೆ ಕೂತೆ. ಸುಮ್ಮನಿದ್ದರೆ ಇನ್ನೂ ಕಷ್ಟವಾಗುತ್ತಿತ್ತು, ಏನಾದರೂ ಮಾತಾಡಬೇಕಿತ್ತು. ಕೇಳಬಾರದ್ದೇ ಬಾಯಿಗೆ ಬಂತು.

“ನಿವೆಸ್, ಆ ಎಡಬದಿ ಹುಡುಗಿ ಕಾಲು ತಿರುಚಿಕೊಂಡಳಲ್ಲ... ಒಳಗೊಳಗೇ ನಿಮಗೆ ಖುಷಿಯಾಗಿತ್ತಾ?”

ಅವರು ಮೊಣಕಾಲಿನಿಂದ ಕೈ ತೆಗೆಯದೆ ನನ್ನನ್ನು ನೋಡಿದರು.

“ಆಗಿತ್ತು. ಅವಳ ಕಾಲಿಗೆ ಐಸ್ ಒತ್ತಿದ್ದು ನಾನೇ, ಒತ್ತುತ್ತಾ ಮುರಿದಿದ್ರೆ ಇನ್ನೂ ಚೆನ್ನಾಗಿತ್ತು ಅನ್ಕೊಂಡೆ. ಪ್ರತಿ ಪಂದ್ಯಕ್ಕೆ ಮುಂಚೆ ಯಾರಾದ್ರೂ ಬೀಳ್ಲಿ ಅಂತ ಬೇಡ್ಕೋತಿದ್ದೆ ಕಣೋ. ಈಗ ದಿನಾ ನಿನ್ನ ಕಣ್ಣು ಹೋಗ್ಲಿ ಅಂತ ಬೇಡ್ಕೋತೀನಿ.”