ಮೈಹೊಳಪಿಲ್ಲದ ಬ್ರೆಡ್ಡು

ನಮ್ಮ ಬೀದಿಯ ಮೂಲೆಯಲ್ಲಿ ಬೇಕರಿ ಇಟ್ಟವರನ್ನು ಎಲ್ಲರೂ ಬೇಕರಿ ಮಾವ ಎಂದೇ ಕರೆಯುತ್ತೇವೆ. ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ, ಅವರೂ ಬೇಸರಿಸದೆ ಓಗೊಡುತ್ತಾರೆ. ಮುಂದೆ ಅಂಗಡಿ, ಹಿಂದೆ ಒಲೆ ಮತ್ತು ಹಿಟ್ಟು ನಾದುವ ಕೋಣೆ, ಮಹಡಿಯ ಮೇಲೆ ಮನೆ. ಒಲೆಯ ಕಾವು ಮೆಟ್ಟಿಲು ಹತ್ತಿ ಮನೆಯವರೆಗೂ ಹೋಗುತ್ತದೆ.

ಮಾವನ ಹೆಮ್ಮೆಯೆಂದರೆ ಅವರ ಬ್ರೆಡ್ಡಿನ ಹೊಳಪು. ಗಾಜಿನ ಹಿಂದೆ ಸಾಲಾಗಿ ಇಟ್ಟರೆ, ಸ್ನಾನ ಮಾಡಿಸಿ ತಲೆ ಬಾಚಿ ಕೂರಿಸಿದ ಮಕ್ಕಳ ಹಾಗೆ ಮಿರುಗುತ್ತಿದ್ದವು. ಅವರು ಹುಡುಗನಾಗಿದ್ದಾಗ ಅವರ ತಂದೆ ಮೊದಲು ಕೈಗೆ ಕೊಟ್ಟದ್ದು ಬಳಿಯುವ ಕುಂಚವನ್ನೇ ಅಂತೆ. ನಾದುವುದಕ್ಕೆ ತೋಳಿನಲ್ಲಿ ಬಲ ಬರಬೇಕು, ಒಲೆಯ ಮುಂದೆ ನಿಲ್ಲುವುದಕ್ಕೆ ಬುದ್ಧಿ ಬರಬೇಕು, ಬಳಿಯುವುದಕ್ಕೆ ಎರಡೂ ಬೇಡ.

ಒಬ್ಬನೇ ಮಗ, ಲಾರಿ ಓಡಿಸುತ್ತಾನೆ. ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಸೊಸೆ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದವಳು, ಹೆರಿಗೆಯ ನಂತರ ರಜೆಯಲ್ಲಿದ್ದಳು. ಮೊಮ್ಮಗನನ್ನು ಮೊದಲ ಸಲ ಎತ್ತಿಕೊಂಡಾಗ ಮಾವ, "ಇದು ಮಗು ಅಲ್ಲ ಕಣೇ, ಈಗಷ್ಟೇ ಒಲೆಯಿಂದ ತೆಗೆದ ಬನ್ನು!" ಎಂದು ಹೆಂಡತಿಗೆ ಕೂಗಿ ಹೇಳಿದರಂತೆ. ಬೀದಿಯಲ್ಲಿ ಮಗುವಿಗೆ ಬನ್ನು ಎಂಬ ಹೆಸರೇ ನಿಂತಿತು.

ಎರಡು ತಿಂಗಳು ತುಂಬುವಷ್ಟರಲ್ಲಿ ಆ ಹೆಸರು ಕರೆಯಲು ನಮಗೇ ನಾಲಿಗೆ ಏಳದಾಯಿತು. ಕೆನ್ನೆ, ಮೊಣಕೈ ಎಲ್ಲ ಕೆಂಪಗೆ ಒರಟಾದವು. ಕುಡಿದದ್ದನ್ನು ಕಕ್ಕಿ, ಕಾಲು ಮಡಚಿಕೊಂಡು ಕಿರುಚುತ್ತಿತ್ತು. ಒಂದು ದಿನ ಬಟ್ಟೆ ಬದಲಿಸುವಾಗ ಮಲದಲ್ಲಿ ರಕ್ತದ ಎಳೆ ಕಂಡು ಸೊಸೆ ಚೀರಿಕೊಂಡಳು. ಮಕ್ಕಳ ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು: ಹಸುವಿನ ಹಾಲಿನಲ್ಲಿರುವ ಅಂಶ ಈ ಮಗುವಿಗೆ ಒಗ್ಗುವುದಿಲ್ಲ, ತಾಯಿ ತಿಂದದ್ದರ ಸ್ವಲ್ಪ ಭಾಗ ಎದೆಹಾಲಿಗೂ ಇಳಿಯುತ್ತದೆ. ಹಾಲು, ಮೊಸರು, ಬೆಣ್ಣೆ ಯಾವುದನ್ನೂ ತಾಯಿ ಮುಟ್ಟಬಾರದು. ಎದೆಹಾಲು ಮಾತ್ರ ನಿಲ್ಲಿಸಬಾರದು. ಆದರೂ ತೂಕ ಏರದಿದ್ದರೆ, ಇಂಥ ಮಕ್ಕಳಿಗೆಂದೇ ಮಾಡಿದ ಡಬ್ಬಿಯ ಪುಡಿಗೆ ಹೋಗಬೇಕಾಗುತ್ತದೆ.

"ಏನು ಬೇಕಾದ್ರೂ ಬಿಡ್ತೀನಿ ಡಾಕ್ಟ್ರೇ. ಹಾಲು ಕುಡಿಸೋದೊಂದು ಬಿಡಿಸಬೇಡಿ," ಎಂದಳು ಸೊಸೆ.

ಆ ಮನೆಯಿಂದ ಹಾಲು ಅಂದೇ ಹೊರಟಿತು. ಅತ್ತೆ ಪಾತ್ರೆಗಳನ್ನೆಲ್ಲ ತಿಕ್ಕಿ ತಿಕ್ಕಿ ಬೆಳಗಿದರು. ಮಾವ ಬೆಣ್ಣೆ ಬಿಸ್ಕತ್ತು ಮಾಡುವುದನ್ನೇ ಕೈಬಿಟ್ಟರು. ಸೊಸೆಗೆ ಯಾವ ತಿಂಡಿ ಕಂಡರೂ ಭಯ. ಕೊನೆಗೆ ಅವಳಿಗೆ ಧೈರ್ಯ ತುಂಬಿದ್ದು ಮಾವನೇ.

"ನನ್ನ ಬ್ರೆಡ್ಡಲ್ಲಿ ಇರೋದು ಹಿಟ್ಟು, ನೀರು, ಉಪ್ಪು, ಈಸ್ಟು. ಹಾಲಿನ ಹನಿಯೂ ಇಲ್ಲ. ಹೊಟ್ಟೆ ತುಂಬ ತಿನ್ನಮ್ಮ."

ಬೆಳಗಾಗುತ್ತಲೇ, ಇದ್ದುದರಲ್ಲಿ ಚೆನ್ನಾಗಿ ಮಿರುಗುವ ಬ್ರೆಡ್ಡನ್ನು ಆರಿಸಿ ತಾವೇ ಮಹಡಿಗೆ ಒಯ್ದು ಕೊಡುತ್ತಿದ್ದರು. ಅವಳು ಅದನ್ನೇ ಮೂರು ಹೊತ್ತೂ ತಿಂದಳು. ಮಗುವಿನ ಕೆಂಪು ಇಳಿಯಲಿಲ್ಲ. ರಕ್ತದ ಎಳೆ ಒಂದೆರಡು ದಿನ ಮರೆಯಾಗಿ ಮತ್ತೆ ಕಾಣಿಸಿತು. ತನ್ನ ಹಾಲೇ ಕೆಟ್ಟದ್ದೇನೋ ಎಂದು ಅವಳು ಮಗುವನ್ನು ಎದೆಗೆ ಹಾಕಿಕೊಳ್ಳಲು ಅಂಜತೊಡಗಿದಳು.

ನಾನೂ ಅಂಗಡಿಯಲ್ಲಿದ್ದ ಒಂದು ದಿನ ತರಕಾರಿ ಮಾರುವವಳು ಮೂಗು ಮುರಿದಳು: "ಈಗಿನ ಹುಡುಗೀರಿಗೆ ಬಾಯಿ ಕಟ್ಟೋಕಾಗುತ್ತಾ? ಎಲ್ಲೋ ಕದ್ದು ತಿಂತಿರಬೇಕು."

ಮಾವ ಬ್ರೆಡ್ಡು ಕತ್ತರಿಸುವುದನ್ನು ನಿಲ್ಲಿಸಿದರು. "ನಿನ್ನ ಬದನೆಕಾಯಿ ಒಳಗೆ ಹುಳ ಇದೆಯಾ ನೋಡ್ಕೋ ತಾಯಿ. ನನ್ನ ಸೊಸೆ ಬಾಯೊಳಗೆ ಇಣುಕಬೇಡ."

ಆಸ್ಪತ್ರೆಯಲ್ಲಿ ಮಗುವಿನ ತೂಕ ಮತ್ತೆ ನೋಡಬೇಕಿದ್ದ ಹಿಂದಿನ ದಿನ ಮಧ್ಯಾಹ್ನ. ಮಗು ಅಳು ನಿಲ್ಲಿಸದಿದ್ದಾಗ, ಒಲೆಯ ಕಾವಾದರೂ ಸಮಾಧಾನ ತರಲಿ ಎಂದು ಸೊಸೆ ಅದನ್ನೆತ್ತಿಕೊಂಡು ಕೆಳಗೆ ಬಂದು ಹಿಟ್ಟಿನ ಮೂಟೆಯ ಮೇಲೆ ಕೂತಳು. ಕೆಲಸದ ಹೊತ್ತಿನಲ್ಲಿ ಅವಳು ಒಲೆಯ ಕೋಣೆಗೆ ಬಂದದ್ದೇ ಕಡಿಮೆ. ಮಾವ ಬ್ರೆಡ್ಡುಗಳನ್ನು ಹೊರತೆಗೆದು, ಬಟ್ಟಲಿಗೆ ಕುಂಚ ಅದ್ದಿ ಸರಸರನೆ ಬಳಿಯುತ್ತಿದ್ದರು.

"ಮಾವ, ಆ ಬಟ್ಟಲಲ್ಲಿ ಏನದು?"

"ಇದಾ? ಮೇಲೆ ಬಳಿಯೋದು."

"ಬಳಿಯೋದು ಅಂದ್ರೆ ಏನು?"

"ಹಾಲು ಕಣಮ್ಮ. ಒಲೆಗೆ ಹಾಕೋ ಮುಂಚೆ ಒಂದು ಕೈ, ತೆಗೆದ ಮೇಲೆ ಬಿಸಿ ಇರೋವಾಗ ಇನ್ನೊಂದು..."

ಕುಂಚದಿಂದ ಹನಿ ತೊಟ್ಟಿಕ್ಕುತ್ತಲೇ ಇತ್ತು.

"ನಾನು ಸುಳ್ಳು ಹೇಳಲಿಲ್ಲ ಕಣಮ್ಮ," ಎಂದು ಆಮೇಲೆ ಎಷ್ಟೋ ಸಲ ನನ್ನ ಹತ್ತಿರ ಅಂದಿದ್ದಾರೆ. "ಬ್ರೆಡ್ಡಲ್ಲಿ ಏನಿದೆ ಅಂದ್ರೆ ನಾವು ನಾದಿದ್ದನ್ನ ಹೇಳ್ತೀವಿ. ಬಳಿದದ್ದನ್ನ ಯಾರು ಲೆಕ್ಕಕ್ಕೆ ಹಿಡೀತಾರೆ? ಮುಖಕ್ಕೆ ಹಚ್ಚಿದ ಪೌಡರನ್ನ ಯಾರಾದ್ರೂ ತಮ್ಮ ತೂಕಕ್ಕೆ ಸೇರಿಸ್ತಾರಾ?"

ಆದರೆ ಆಗ, ಸೊಸೆ ಬೈಯುತ್ತಾಳೆಂದು ಅವರು ತಲೆ ತಗ್ಗಿಸಿ ನಿಂತಿದ್ದರು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಹಾಗಾದ್ರೆ ನನ್ನ ಹಾಲಿನದೇನೂ ತಪ್ಪಿಲ್ಲ, ಅಲ್ವಾ ಮಾವ?" ಎಂದಳು. ಮಾವ ಕುಂಚ ಕೆಳಗಿಟ್ಟರು. ಬಟ್ಟಲಿನ ಹಾಲನ್ನು ಮೋರಿಗೆ ಸುರಿದರು.

ಮರುದಿನ ಅಂಗಡಿಗೆ ಬಾಗಿಲು ಹಾಕಿ ಅವರೂ ಆಸ್ಪತ್ರೆಗೆ ಹೋದರು. ಮಗುವಿನ ತೂಕ ಏರಿರಲಿಲ್ಲ. ಡಾಕ್ಟರಮ್ಮ ಡಬ್ಬಿಯ ಹೆಸರು ಬರೆಯಲು ಪೆನ್ನು ತೆಗೆಯುತ್ತಿದ್ದಂತೆ ಮಾವ ಅಡ್ಡ ಬಂದರು: "ತಪ್ಪು ನನ್ನದು ತಾಯಿ. ಹಾಲು ಹೋಗಿದ್ದು ನನ್ನ ಕೈಯಿಂದ." ಎಲ್ಲ ಕೇಳಿದ ಮೇಲೆ ಡಾಕ್ಟರಮ್ಮ ಪೆನ್ನು ಮುಚ್ಚಿ, ಹಾಲು ಬಿಟ್ಟಾಗ ಬರೆದುಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ ಮುಂದುವರಿಸಲು ಸೊಸೆಗೆ ಹೇಳಿ, ಇನ್ನೆರಡು ವಾರ ನೋಡೋಣ ಎಂದರು.

ಆ ಎರಡು ವಾರ ಗಾಜಿನ ಹಿಂದೆ ಮಂಕು ಬಡಿದ ಬ್ರೆಡ್ಡುಗಳು. "ಏನು ಮಾವ, ಬ್ರೆಡ್ಡಿಗೆ ಜ್ವರವಾ?" ಎಂದು ಗಿರಾಕಿಗಳು ಕಾಲೆಳೆದರೆ, "ಪಥ್ಯದಲ್ಲಿದೆ," ಎನ್ನುತ್ತಿದ್ದರು. ಸೊಸೆಗೆ ಮಾತ್ರ ಬೇರೆ ಸುಟ್ಟುಕೊಟ್ಟರೆ ಸಾಲದೇ ಎಂದು ಅತ್ತೆ ಕೇಳಿದರು.

"ಇಷ್ಟು ವರ್ಷ ಬಳಿದ ಕೈ ಕಣೇ ಇದು. ಬಟ್ಟಲು ಪಕ್ಕದಲ್ಲಿದ್ರೆ ನನ್ನನ್ನ ಕೇಳದೆ ಅದ್ದಿಬಿಡುತ್ತೆ."

ಮೊದಲು ರಕ್ತದ ಎಳೆ ಹೋಯಿತು. ಆಮೇಲೆ ಕೆನ್ನೆ ಮೆತ್ತಗಾಯಿತು. ಆಸ್ಪತ್ರೆಯ ತಕ್ಕಡಿಯ ಮುಳ್ಳು ಹಳೆಯ ಗೆರೆ ದಾಟಿದ್ದನ್ನು ಕಂಡು ಮಾವ ಮಗುವನ್ನು ಮತ್ತೊಮ್ಮೆ ತೂಗಿಸಿದರಂತೆ. ಸೊಸೆ ಅಲ್ಲೇ ಬೆಂಚಿನ ಮೇಲೆ ಕೂತು, ಅಂಜದೆ, ಮಗುವನ್ನು ಎದೆಗೆ ಹಾಕಿಕೊಂಡಳು. ಆ ದಿನ ನಾನು ದೇವರಿಗೆ ಒಂದು ದೀಪ ಹೆಚ್ಚು ಹಚ್ಚಿದೆ.

ವರ್ಷ ತುಂಬಿ ಕೆಲವು ತಿಂಗಳಾದ ಮೇಲೆ ಡಾಕ್ಟರಮ್ಮ, ಈಗ ಹಾಲು ಒಗ್ಗುತ್ತದೋ ನೋಡಬಹುದು, ಚೆನ್ನಾಗಿ ಸುಟ್ಟ ತಿನಿಸಿನಲ್ಲಿ ತುಸು ಹಾಲು ಸೇರಿಸಿ, ಚೂರೇ ಚೂರಿನಿಂದ ಶುರುಮಾಡಿ ಎಂದರು. ಮಾವನ ಮುಖ ಸಣ್ಣದಾಯಿತು.

"ನನ್ನ ಕೈಯಿಂದಲೇ ಆಗಬೇಕಾ?"

"ಮತ್ತೆ ಪಕ್ಕದ ಬೀದಿ ಬೇಕರಿಗೆ ಹೋಗಲಾ?" ಎಂದಳು ಸೊಸೆ.

ಅವಳು ನೋಡುತ್ತಿದ್ದಂತೆ ಚಮಚದಲ್ಲಿ ಹಾಲು ಅಳೆದು, ಹಿಟ್ಟಿಗೆ ಹಾಕಿ, "ಹಾಕಿದೆ, ನೋಡಮ್ಮ," ಎಂದು ಗಟ್ಟಿಯಾಗಿ ಹೇಳಿ, ಪುಟ್ಟದೊಂದು ಬನ್ನು ಸುಟ್ಟರು. ಮೇಲೆ ಏನನ್ನೂ ಬಳಿಯಲಿಲ್ಲ. ಸೊಸೆ ಉಗುರಿನಷ್ಟು ಚೂರನ್ನು ಮಗುವಿನ ಬಾಯಿಗಿಟ್ಟಳು. ಎಲ್ಲರೂ ಉಸಿರು ಬಿಗಿಹಿಡಿದು ಅದರ ಮುಖವನ್ನೇ ನೋಡುತ್ತಿದ್ದರೆ, ಅದು ಅಜ್ಜನ ಹಿಟ್ಟು ಮೆತ್ತಿದ ಬೆರಳು ಹಿಡಿದೆಳೆದು ಇನ್ನೊಂದು ಚೂರಿಗೆ ಬಾಯಿ ತೆರೆಯಿತು.

"ಇವತ್ತಿಗೆ ಅಷ್ಟೇ ಬನ್ನು," ಎಂದರು ಮಾವ. "ನಿನ್ನ ಮೈ ಏನು ಹೇಳುತ್ತೋ ಕೇಳಿ, ಆಮೇಲೆ ಕೊಡ್ತೀನಿ."