ಹಾರ್ಲೆಸ್‌ನ ರೋಲರ್, ವಿಲ್ಡಾಳ ಕೈ

ಬಿರ್ಚ್ ನದಿಯ ಕಡೆ ವಿಲ್ಡಾ ಕೋಗರ್‌ಳನ್ನು ನೋಡದವರಿಲ್ಲ, ಮಾತನಾಡಿಸಿದವರು ಮಾತ್ರ ಕಡಿಮೆ. ರಸ್ತೆ ಕೆಲಸ ನಡೆಯುವಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಿಂತವಳನ್ನು ಎಲ್ಲರೂ ಕಾರಿನೊಳಗಿಂದ ಗೊಣಗಿಕೊಂಡೇ ದಾಟಿದ್ದಾರೆ. ಅದೇ ವಿಲ್ಡಾ ಭಾನುವಾರ ನೀಲಿ ಲಂಗ ತೊಟ್ಟು ಚರ್ಚಿಗೆ ಬಂದರೆ ಇವಳಾರಪ್ಪ ಎಂದು ತಿರುಗಿ ನೋಡುತ್ತಾರೆ. ವೆಸ್ಟ್ ವರ್ಜೀನಿಯಾದ ಈ ಬೆಟ್ಟಗಳಲ್ಲಿ ರಸ್ತೆ ಎಲ್ಲರಿಗೂ ಬೇಕು, ಅದನ್ನು ಹಾಕುವವರು ಮಾತ್ರ ಎಲ್ಲರಿಗೂ ಅಡ್ಡ.

ಗಂಡ ಮರ ಕಡಿಯುವ ಕೆಲಸದಲ್ಲಿ ಸತ್ತ ವರ್ಷ ಅವಳು ರಸ್ತೆಗೆ ಬಂದಳು. ಮೊದಲು ಕೈಗೆ ಕೊಟ್ಟದ್ದು ಒಂದು ಕಡೆ ‘ನಿಲ್ಲಿ’, ಇನ್ನೊಂದು ಕಡೆ ‘ನಿಧಾನ’ ಎಂದು ಬರೆದ ಫಲಕ. ಜಿಂಕೆ ಬೇಟೆಯ ಕಾಲ ಬರುವಷ್ಟರಲ್ಲಿ ಇವಳು ಮನೆ ಸೇರುತ್ತಾಳೆ ಎಂದು ತಂಡದ ಗಂಡಸರು ಬಾಜಿ ಕಟ್ಟಿದ್ದರಂತೆ. ಬಾಜಿ ಕಟ್ಟಿದವರೇ ಒಬ್ಬೊಬ್ಬರಾಗಿ ಸೊಂಟ ಹಿಡಿದುಕೊಂಡು ಮನೆ ಸೇರಿದರು. ಅವಳು ಉಳಿದಳು. ಫಲಕ ಹೋಗಿ ರೇಕ್ ಬಂತು. ಸುಡುವ ಡಾಂಬರನ್ನು ಎಳೆದು ಸಮ ಮಾಡುವ ಆ ಉದ್ದ ಹಿಡಿಯನ್ನು ವರ್ಷಗಟ್ಟಲೆ ಹಿಡಿದು ಅವಳ ಬೆರಳುಗಳು ಈಗ ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ.

ಸರ್ಕಾರದ ದುಡ್ಡಿನಲ್ಲಿ ಹಾಕುವ ರಸ್ತೆಗೆ ಒಂದು ಕಟ್ಟಳೆಯಿದೆ. ಕಂಟ್ರಾಕ್ಟರು ತನಗೆ ತೋಚಿದ ಕೂಲಿ ಕೊಡುವಂತಿಲ್ಲ. ಆ ಸೀಮೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಕೂಲಿ ನಡೆಯುತ್ತದೆ ಎಂದು ಸರ್ಕಾರವೇ ಗೊತ್ತು ಮಾಡಿ ಪಟ್ಟಿ ಕೊಡುತ್ತದೆ. ಪಟ್ಟಿ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಎಲ್ಲರ ಕಣ್ಣಿಗೂ ತಪ್ಪದೆ ಬೀಳುವ ಜಾಗವೆಂದರೆ ಪ್ಲಾಸ್ಟಿಕ್ ಕಕ್ಕಸಿನ ಪಕ್ಕ, ಆದ್ದರಿಂದ ಅಲ್ಲೇ ಹಲಗೆ ನೆಟ್ಟು ಹಚ್ಚುತ್ತಾರೆ. ರೇಕ್ ಹಿಡಿದವರಿಗೆ ಒಂದು ದರ, ರೋಲರ್ ಓಡಿಸುವವರಿಗೆ ಅದಕ್ಕಿಂತ ಬಹಳ ಮೇಲಿನ ದರ. ಹೆಸರು, ವಯಸ್ಸು, ಹೆಣ್ಣೋ ಗಂಡೋ, ಯಾವುದನ್ನೂ ಪಟ್ಟಿ ಕೇಳುವುದಿಲ್ಲ. ಈ ಗಂಟೆಯಲ್ಲಿ ನಿನ್ನ ಕೈ ಏನು ಮಾಡುತ್ತಿತ್ತು ಎಂಬುದಷ್ಟೇ ಅದರ ಪ್ರಶ್ನೆ. ಇಷ್ಟು ನೇರವಾದ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಜನ ಎಲ್ಲಿದ್ದಾರೆ?

ರೋಲರ್ ಹಾರ್ಲೆಸ್ ಟೆನ್ನಿಯದು. ಕಂಪನಿಯ ಯಂತ್ರವೇ ಆದರೂ ಅವನ ಅಪ್ಪಣೆಯಿಲ್ಲದೆ ಅದನ್ನು ಯಾರೂ ಹತ್ತುತ್ತಿರಲಿಲ್ಲ. ವಿಲ್ಡಾಗೆ ಆ ಅಪ್ಪಣೆ ಸಿಕ್ಕಿದ್ದು ಬಹಳ ಹಿಂದೆ, ಒಂದು ಊಟದ ಬಿಡುವಿನಲ್ಲಿ. ಬಿಸಿ ಡಾಂಬರಿನ ಮೇಲೆ ರೋಲರ್ ನಿಂತರೆ ಅಲ್ಲೇ ಗುಂಡಿ ಬೀಳುತ್ತದೆ, ಉರುಳೆಗೆ ನೀರು ಸುರಿಯುವುದು ನಿಂತರೆ ರಸ್ತೆಯೇ ಅಂಟಿಕೊಂಡು ಮೇಲೇಳುತ್ತದೆ, ಅಂಚನ್ನು ಕಣ್ಣಿಗಿಂತ ಕುಂಡಿಯಲ್ಲಿ ತಿಳಿಯಬೇಕು ಎಂದೆಲ್ಲ ಅವನು ಕಲಿಸಿದ. ಅವಳು ಕಲಿತಳು. ಆಮೇಲೆ ಹಾರ್ಲೆಸ್‌ನ ನೋಟದ ನಟ್ಟನಡುವೆ ಕಪ್ಪು ಕಲೆ ಕೂತಿತು. ರಸ್ತೆಯ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಮರಿ ಇರುವ ನಾಡಿನಲ್ಲಿ ಅಂಚು ಕಾಣದ ರೋಲರಿನವನಿಗೆ ಮನೆಯೇ ಗತಿ. ಪಿಂಚಣಿಗೆ ಬೇಕಾದ ರೋಲರಿನ ಗಂಟೆಗಳು ಮಾತ್ರ ಅವನಿಗೆ ಇನ್ನೂ ತುಂಬಿರಲಿಲ್ಲ.

ಆ ತಂಡದಲ್ಲಿ ಇಂಥದ್ದಕ್ಕೆ ಒಂದು ರೂಢಿಯಿತ್ತು. ಮುದುಕನಾದವನನ್ನು ಉಳಿದವರು ದಡ ಮುಟ್ಟಿಸಬೇಕು. ಹಾರ್ಲೆಸ್ ಹರೆಯದಲ್ಲಿ ಇನ್ನೊಬ್ಬ ಮುದುಕನಿಗಾಗಿ ಹೀಗೇ ದುಡಿದಿದ್ದನಂತೆ. ಈಗ ಬೆಳಿಗ್ಗೆ ಅವನು ರೋಲರ್ ಹತ್ತಿ ಎಲ್ಲರಿಗೂ ಕಾಣುವಂತೆ ಕೂರುತ್ತಿದ್ದ. ಕಂಪನಿಯ ದೊಡ್ಡವರ ಗಾಡಿ ತಿರುವು ದಾಟಿದ್ದೇ ತಡ, ಇಳಿದು ನೆರಳಿಗೆ ಹೋಗಿ ಫಲಕ ಹಿಡಿಯುತ್ತಿದ್ದ. ವಿಲ್ಡಾ ಹತ್ತುತ್ತಿದ್ದಳು. ಮೇಸ್ತ್ರಿ ಡೆನ್ಜಿಲ್ ಕಂಡೂ ಕಾಣದಂತೆ ಕಾಫಿ ಕುಡಿಯುತ್ತಿದ್ದ. ಲೆಕ್ಕಕ್ಕೆ ಹಾರ್ಲೆಸ್ ರೋಲರಿನವನು, ವಿಲ್ಡಾ ರೇಕಿನವಳು. ಇದರಿಂದ ತನಗೆ ಏನು ಹೋಯಿತು ಎಂದು ಅವಳು ಲೆಕ್ಕ ಹಾಕಲಿಲ್ಲ. ನಿಜ ಹೇಳಬೇಕೆಂದರೆ, ಅಲ್ಲಿ ಮೇಲೆ ಕೂತಾಗ ಅವಳಿಗೆ ಖುಷಿಯಾಗುತ್ತಿತ್ತು. ಹಿಂದೆ ತಿರುಗಿ ನೋಡಿದರೆ ಕಪ್ಪಗೆ, ನುಣ್ಣಗೆ ರಸ್ತೆ. ಅದು ತನ್ನದು ಎನ್ನಿಸುತ್ತಿತ್ತು. ಹಾರ್ಲೆಸ್ ಹೋದ ದಿನ ಆ ಸೀಟು ತನಗೇ ಎಂದು ಅವಳು ಯಾರಿಗೂ ಹೇಳದೆ ನಂಬಿಕೊಂಡಿದ್ದಳು.

ಒಂದು ಜುಲೈ ಮಧ್ಯಾಹ್ನ ರಾಜ್ಯ ಕಚೇರಿಯಿಂದ ಬಾಸ್ಟಿಕ್ ಎಂಬ ಹೆಂಗಸು ಕೂಲಿಯ ತನಿಖೆಗೆ ಬಂದಳು. ಸಾಮಾನ್ಯವಾಗಿ ತನಿಖೆಗೆ ಬರುವವರು ಕೆಳಗಿನ ರಸ್ತೆಯಿಂದ ಬರುತ್ತಾರೆ, ಕೆಳಗೆ ನಿಂತವನು ರೇಡಿಯೋದಲ್ಲಿ ಮೋಡ ಕಟ್ಟಿದೆ ಎಂದು ಸುಳಿವು ಕೊಡುತ್ತಾನೆ, ಮೇಲೆ ಹಾರ್ಲೆಸ್, ವಿಲ್ಡಾ ಅದಲುಬದಲಾಗುತ್ತಾರೆ. ಈಕೆ ದಾರಿ ತಪ್ಪಿ ಮೇಲಿನಿಂದ ಬಂದಳು. ಆಗ ವಿಲ್ಡಾ ರೋಲರಿನ ಮೇಲಿದ್ದಳು. ಹಾರ್ಲೆಸ್ ಮರದಡಿ ಪೆಪ್ಪರೋನಿ ರೋಲ್ ಎಂಬ ಮಾಂಸ ತುಂಬಿದ ಬನ್ನು ತಿನ್ನುತ್ತಿದ್ದ.

ಬಾಸ್ಟಿಕ್ ಕೆಟ್ಟವಳಲ್ಲ. ವಿಲ್ಡಾಳನ್ನು ದೂರ ಕರೆದುಕೊಂಡು ಹೋಗಿ, ಮೇಸ್ತ್ರಿಗೆ ಕೇಳಿಸದಂತೆ ಮಾತಾಡಿದಳು. ಹೇಳಿದ್ದು ಯಾರ ಕಿವಿಗೂ ಹೋಗುವುದಿಲ್ಲ ಎಂದು ಭರವಸೆ ಕೊಟ್ಟಳು. ಯಾವ ಕೆಲಸ, ಯಾವ ಯಂತ್ರ, ಎಷ್ಟು ಹೊತ್ತು ಎಂದು ಒಂದೊಂದಾಗಿ ಕೇಳಿದಳು.

“ಅವನು ಊಟಕ್ಕೆ ಇಳಿದ,” ಎಂದಳು ವಿಲ್ಡಾ. “ಬಿಸಿ ಡಾಂಬರಿನ ಮೇಲೆ ಅದು ನಿಲ್ಲಬಾರದು. ಅದಕ್ಕೇ ಒಂಚೂರು ಮುಂದಕ್ಕೆ ಹಿಂದಕ್ಕೆ ಆಡಿಸ್ದೆ.”

“ನಾನು ಬೆಟ್ಟದ ಮೇಲಿಂದ ನೋಡ್ಕೊಂಡೇ ಬಂದೆ. ಒಂಚೂರು ಆಡಿಸೋರ ಕೈ ಹಾಗಿರಲ್ಲ.” ಬಾಸ್ಟಿಕ್ ಪೆನ್ನು ಕೆಳಗಿಳಿಸಿದಳು. “ನೋಡಿ ವಿಲ್ಡಾ, ಓಡಿಸಿದ್ರೆ ಆ ಕೂಲಿ ನಿಮ್ದು. ಯಾರ ಋಣಾನೂ ಅಲ್ಲ. ಕಾನೂನು ಇರೋದೇ ನಿಮ್ಮಂಥೋರಿಗೆ.”

ವಿಲ್ಡಾ ಮರದ ಕಡೆ ನೋಡಿದಳು. ಹಾರ್ಲೆಸ್ ತಿನ್ನುವುದನ್ನು ನಿಲ್ಲಿಸಿದ್ದ. ಅಷ್ಟು ದೂರದಿಂದ ಅವನಿಗೆ ಇವರ ಮುಖ ಕಾಣುವಂತಿರಲಿಲ್ಲ. ಆದರೂ ಇತ್ತಲೇ ಮುಖ ಮಾಡಿ ಕೂತಿದ್ದ, ರೋಲನ್ನು ಮಡಿಲಲ್ಲಿಟ್ಟುಕೊಂಡು. ಇವಳು ಹೌದೆಂದರೆ ಅವನ ಗಂಟೆಗಳು ಹಾರಿಹೋಗುತ್ತವೆ, ಪಿಂಚಣಿಯೂ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅವಳಿಗೆ ಅಂಥ ಗೊಂದಲವೇನೂ ಆಗಲಿಲ್ಲ. ಉತ್ತರ ಮೊದಲೇ ಬಾಯಲ್ಲಿತ್ತು.

“ಬರ್ಕೊಳ್ಳಿ ಮೇಡಂ. ನನಗೆ ರೋಲರ್ ಓಡಿಸೋಕೆ ಬರಲ್ಲ.”

ಬಾಸ್ಟಿಕ್ ಇನ್ನೊಮ್ಮೆ ಕೇಳಿದಳು. ವಿಲ್ಡಾ ಅದನ್ನೇ ಹೇಳಿ ಸಹಿ ಹಾಕಿದಳು. ಹಾರ್ಲೆಸ್ ತನ್ನ ತೋಟದ ಟೊಮೆಟೊಗಳನ್ನು ಒಂದು ಚೀಲದಲ್ಲಿ ತುಂಬಿ ಮರುದಿನ ಅವಳ ಪಿಕಪ್ಪಿನ ಸೀಟಿನ ಮೇಲೆ ಇಟ್ಟುಹೋಗಿದ್ದ. ಅವಳಿಗೆ ಅಷ್ಟು ಸಾಕೆನಿಸಿತು.

ಮರುವರ್ಷದ ಶರತ್ಕಾಲಕ್ಕೆ ಹಾರ್ಲೆಸ್‌ನ ಗಂಟೆಗಳು ತುಂಬಿದವು. ಕಂಪನಿಯವರು ಗಡಿಯಾರ ಕೊಟ್ಟರು, ಕಣ್ಣು ಹೋದವನಿಗೆ ಗಡಿಯಾರ. ಚಳಿಗಾಲ ಕಳೆದು ಡಾಂಬರಿನ ಕೆಲಸ ಮತ್ತೆ ಶುರುವಾಗುವ ಹೊತ್ತಿಗೆ ವಿಲ್ಡಾ, ಜೀವಮಾನದಲ್ಲಿ ಮೊದಲ ಬಾರಿಗೆ, ತನಗಾಗಿ ಒಂದನ್ನು ಕೇಳಿದಳು. ರೋಲರ್ ನನಗೆ ಕೊಡಿಸು ಎಂದು ಡೆನ್ಜಿಲ್‌ನ ಮುಂದೆ ನಿಂತಳು.

ಡೆನ್ಜಿಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ರೋಲರ್ ಕೊಡ್ಬೇಕಂದ್ರೆ, ಇಷ್ಟು ಗಂಟೆ ಓಡಿಸಿದಾಳೆ ಅನ್ನೋಕೆ ಯೂನಿಯನ್‌ನೋರು ಸಾಕ್ಷಿ ಕೇಳ್ತಾರೆ ಕಣಮ್ಮ. ಓಡಿಸೋಕೆ ಬರಲ್ಲ ಅಂತ ನೀನೇ ಸರ್ಕಾರಕ್ಕೆ ಸಹಿ ಹಾಕ್ಕೊಟ್ಟಿದೀಯ. ಈಗ ನಾನು ಬರುತ್ತೆ ಅಂದ್ರೆ, ಕಡಿಮೆ ಕೂಲಿ ಕೊಟ್ಟ ಕಳ್ಳ ನಾನಾಗ್ತೀನಿ.”

“ನಿನಗೆ ಗೊತ್ತಿಲ್ವಾ ಡೆನ್ಜಿಲ್?”

“ಗೊತ್ತಿದ್ದೇನು ಬಂತು?” ಎಂದ ಅವನು. ಅವಳಿಗೆ ಬರುತ್ತದೆ ಎಂದು ಹಾರ್ಲೆಸ್ ತಾನಾಗಿ ಹೇಳಿದರೆ ಮಾತ್ರ ಏನಾದರೂ ಆದೀತು ಎಂದ. ಅವನನ್ನು ಇದಕ್ಕೆ ಎಳೆಯಬೇಡ ಎಂದು ವಿಲ್ಡಾ ಅಲ್ಲಿಗೇ ಮಾತು ಮುರಿದಳು.

ಆದರೆ ಮುಂದಿನ ವಾರ ಹಾರ್ಲೆಸ್ ತಾನಾಗಿಯೇ ಬಂದ. ಮಗಳು ಗಾಡಿಯಲ್ಲಿ ಕರೆತಂದಿದ್ದಳು. ತಂಡಕ್ಕೆಂದು ಡೋನಟ್ಟಿನ ದೊಡ್ಡ ಡಬ್ಬಿ ತಂದಿದ್ದ. ಎಲ್ಲರೂ ಸುತ್ತ ಕೂಡಿದರು, ಪಿಂಚಣಿ ತಿಂದು ಹೊಟ್ಟೆ ಬಂದಿದೆ ಎಂದು ರೇಗಿಸಿದರು, ಅವನೂ ನಕ್ಕ. ಆಗ ಡೆನ್ಜಿಲ್, ತಮಾಷೆಯೋ ನಿಜವೋ ತಿಳಿಯದ ದನಿಯಲ್ಲಿ, ಎಲ್ಲರೆದುರೇ ಕೇಳಿಬಿಟ್ಟ.

“ಏನಯ್ಯಾ ಹಾರ್ಲೆಸ್, ನಿನ್ನ ರೋಲರಿಗೆ ಜನ ಹುಡುಕ್ತಿದೀನಿ. ವಿಲ್ಡಾಗೆ ಓಡಿಸೋಕೆ ಬರುತ್ತಾ? ನಿನ್ನ ಬಾಯಲ್ಲಿ ಕೇಳೋಣ.”

ತಡೆಯುವ ಮಾತು ವಿಲ್ಡಾಳಲ್ಲಿ ಸಿದ್ಧವಾಗಿತ್ತು: ಸುಮ್ಮನಿರು ಮುದುಕ, ನಿನ್ನ ಪಿಂಚಣಿ ನೋಡಿಕೋ. ಅವನು ಹೇಳಿಬಿಟ್ಟರೆ ಎಲ್ಲ ಮಣ್ಣುಪಾಲು, ಆ ಸಹಿಯೂ ದಂಡ. ಅವನು ಹೇಳುವುದು ಅವಳಿಗೆ ಬೇಡವೇ ಬೇಡವಾಗಿತ್ತು. ಅವನು ಬಾಯಿ ತೆರೆಯಲಿ, ಮೊದಲ ಮಾತು ಹೊರಬೀಳುವಷ್ಟರಲ್ಲಿ ನಾನು ತಡೆಯುತ್ತೇನೆ ಎಂದು ಕಾದಳು.

ಹಾರ್ಲೆಸ್ ಅವಳು ನಿಂತಿದ್ದ ದಿಕ್ಕಿಗೆ ಮುಖ ತಿರುಗಿಸಿದ. ಆಮೇಲೆ ಕೈಯಲ್ಲಿದ್ದ ಡಬ್ಬಿಯ ಕಡೆಗೆ ಬಗ್ಗಿದ.

“ರೇಕ್ ಹಿಡಿಯೋದ್ರಲ್ಲಿ ಅವಳ ಸಮ ಯಾರೂ ಇಲ್ಲ,” ಎಂದ.

ಡೆನ್ಜಿಲ್ ಬೇರೆ ಮಾತಿಗೆ ಹೋದ. ಹಾರ್ಲೆಸ್ ಸರಿಯಾಗಿಯೇ ಹೇಳಿದ, ಬೇರೇನು ಹೇಳಬೇಕಿತ್ತು ಎಂದು ವಿಲ್ಡಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ರೇಕ್ ಎತ್ತಿಕೊಂಡಳು. ಹಾರ್ಲೆಸ್ ತಡವುತ್ತ ಬಂದು ಡಬ್ಬಿ ಚಾಚಿ, ಸಕ್ಕರೆ ಹಾಕಿದ್ದು ನಿನಗೆಂದೇ ತಂದೆ, ತಗೋ ಎಂದ. ಅವಳು ಹಸಿವಿಲ್ಲ ಎಂದಳು. ರಸ್ತೆಗೆ ಬಂದ ಮೇಲೆ ಅವಳು ಆ ಮಾತು ಹೇಳಿದ್ದು ಅದೇ ಮೊದಲು.