ಚಾವಡಿಯ ಕೆಂಪು ಗೆರೆ

ಮಿಜಾರಿನಿಂದ ನರಿಕೊಂಬಿಗೆ ಮದುವೆಯಾಗಿ ಬಂದ ದಿನ, ಬಚ್ಚಲುಮನೆ ಎಲ್ಲಿದೆಯೆಂದು ತೋರಿಸುವ ಮೊದಲೇ ಮಾವ ನನಗೆ ಮನೆಯ ಮುಂದಿನ ಚಾವಡಿಯ ಗೋಡೆಯ ಮೇಲಿನ ಕೆಂಪು ಗೆರೆ ತೋರಿಸಿದ್ದರು. ಅವರು ಹುಡುಗನಾಗಿದ್ದಾಗ ಬಂದ ದೊಡ್ಡ ನೆರೆಯಲ್ಲಿ ನೇತ್ರಾವತಿ ಅಲ್ಲಿಯವರೆಗೆ ಏರಿದ್ದಳಂತೆ. ಹೊಳೆಬದಿಯ ಮನೆಗಳಲ್ಲೆಲ್ಲ ಇಂಥದೊಂದು ಗೆರೆ ಉಂಟು. ನೆಂಟರಿಗೆ ಬೆಲ್ಲ ನೀರು ಕೊಟ್ಟ ಮೇಲೆ ಗೆರೆ ತೋರಿಸುವುದು ಇಲ್ಲಿನ ಮರ್ಯಾದೆ. ಯಾರ ಗೆರೆ ಎತ್ತರವೋ ಅವರಿಗೆ ಒಂದು ತೂಕ ಜಾಸ್ತಿ. ಮನೆ ಮುಳುಗಿದ್ದನ್ನು ಯಾರಾದರೂ ಹೀಗೆ ಕೊಚ್ಚಿಕೊಳ್ಳುತ್ತಾರೆಯೇ? ನನಗೆ ಅದರ ತಲೆಬುಡ ಅರ್ಥವಾಗಿರಲಿಲ್ಲ.

ಸುಣ್ಣ ಹೊಡೆದಾಗಲೆಲ್ಲ ಗೆರೆ ಮುಚ್ಚಿಹೋಗುತ್ತಿತ್ತು. ಮಾವ ಅಂದಾಜಿನಲ್ಲಿ ಮತ್ತೆ ಎಳೆಯುತ್ತಿದ್ದರು. ನಾನು ಬಂದಾಗ ಕಿಟಕಿಯ ದಂಡೆಗೆ ಸಮನಾಗಿದ್ದದ್ದು ಈಗ ಕಿಟಕಿಯ ಅರ್ಧಕ್ಕೆ ಏರಿದೆ. ಗಂಡ ಒಮ್ಮೆ ಈ ಮಾತೆತ್ತಿ ಚೆನ್ನಾಗಿ ಬೈಸಿಕೊಂಡಿದ್ದರು.

ಹೋದ ವರ್ಷ ಸರ್ವೆಯವರು ಬಂದರು. ಹೊಳೆಬದಿಯಲ್ಲಿ ವಾಕಿಂಗಿಗೆ ದಾರಿ, ಪಾರ್ಕು, ದೋಣಿ ನಿಲ್ಲಿಸುವ ಕಟ್ಟೆ ಎಲ್ಲ ಆಗುತ್ತದಂತೆ. ನೆರೆ ನೀರು ಎಲ್ಲಿವರೆಗೆ ಬರುತ್ತದೆಂದು ಅವರು ಕೇಳಿದ್ದೇ ತಡ, ಮಾವ ಬೊಂಡ ಕೆತ್ತಿ ಎಳನೀರು ಕೊಟ್ಟು, ಚಾವಡಿಗೆ ಕರೆತಂದು ಗೆರೆ ತೋರಿಸಿದರು. ಅವರು ಅಳೆದು, ಫೋಟೋ ತೆಗೆದುಕೊಂಡು ಹೋದರು. ಆಗ ಮಾವನ ಮುಖ ನೋಡಬೇಕಿತ್ತು.

ಈಚೆಗೆ ಯೋಜನೆಗೆ ಸರಕಾರದ ಮಂಜೂರಾತಿ ಸಿಕ್ಕಿತು. ನಕ್ಷೆಯಲ್ಲಿ ನಮ್ಮ ಮನೆ ಹೊಳೆಯ ಜಾಗದೊಳಗೆ ಬಿದ್ದಿದೆ, ಬಿಟ್ಟು ಏಳಬೇಕಂತೆ. ಪಕ್ಕದ ಮನೆ ನಮಗಿಂತ ಹೊಳೆಗೆ ಹತ್ತಿರ, ಆದರೂ ಅದು ದಡದ ಮೇಲೆಯೇ ಉಳಿದಿದೆ. ಅವರ ಗೆರೆ ಕೆಳಗಿತ್ತಲ್ಲ! ಸಿಟ್ಟು ಬಂತು, ಆದರೆ ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯಲಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತು ಇದು ಹೊಳೆಯೋ ನಮ್ಮ ಅಂಗಳವೋ ಎಂದು ಸುಮ್ಮನೆ ನೋಡಿದೆ.

ನಾವು ಆಕ್ಷೇಪ ಸಲ್ಲಿಸಿದ್ದಕ್ಕೆ ಮೊನ್ನೆ ಒಬ್ಬ ಅಧಿಕಾರಿ ಬಂದರು. ಗೆರೆಯ ಮುಂದೆ ನಿಂತು, "ನೀರು ನಿಜವಾಗಿ ಬಂದದ್ದು ಎಲ್ಲಿವರೆಗೆ? ಸರಿಯಾಗಿ ಹೇಳಿ," ಎಂದರು.

ಮಾವ ಗೋಡೆಯ ಮೇಲೆ ಕೈಯಿಟ್ಟರು. ಕೆಳಗೆ ತಂದರು, ಮತ್ತೆ ಮೇಲಕ್ಕೆ ಒಯ್ದರು. ಸುಳ್ಳು ಹೇಳಲು ಹೊರಟಿದ್ದಾರೆಂದು ಮೊದಲು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರಿಗೆ ನೆನಪೇ ಇಲ್ಲ.

ಮಾವ ನನ್ನ ಕಡೆ ತಿರುಗಿದರು. "ನೀನು ಹೇಳು ಮಗಾ, ದಿನಾ ನೋಡ್ತಿಯಲ್ಲ. ಎಲ್ಲಿವರೆಗೆ ಬಂದಿತ್ತು?"

ಅಧಿಕಾರಿ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದರು. ಆ ನೆರೆ ಬಂದಾಗ ನಾನು ಹುಟ್ಟಿಯೇ ಇರಲಿಲ್ಲ.